ಪೊಟ್ಟಣದ ಮೇಲಿನ ತಾರೀಖು

ಫೆಬ್ರವರಿ 4

ಪ್ರೀತಿಯ ಮೊಂಡಿಗೆ,

ಈ ತಿಂಗಳ ಡಬ್ಬಿ ಕಳಿಸಿದ್ದೇನೆ. ಈ ಸಲ ಸ್ವಲ್ಪ ಭಾರ ಇದೆ, ಗಾಬರಿಯಾಗಬೇಡ. ನಿನ್ನ ರಕ್ತದ ರಿಪೋರ್ಟ್ ನೋಡಿದೆ. ಹಿಮೋಗ್ಲೋಬಿನ್ ಒಂಬತ್ತೂವರೆ ಅಂದರೆ ಬಸ್ ಓಡಿಸುವವಳಿಗೆ ಏನೇನೂ ಸಾಲದು. ನಿಮ್ಮ ಡಿಪೋ ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ, ಮೂಳೆಗೆಂದು ಬರೆದ ಕ್ಯಾಲ್ಸಿಯಂ, ಅಂದರೆ ಸುಣ್ಣದ ಮಾತ್ರೆ ಎರಡನ್ನೂ ನಮ್ಮ ಅಂಗಡಿಯಿಂದಲೇ ತೆಗೆದಿದ್ದೇನೆ. ಹೊಟ್ಟೆ ಉರಿಗೆ ಆರು ವರ್ಷದಿಂದ ನುಂಗುತ್ತಿರುವ ಬಿಳಿ ಮಾತ್ರೆಯ ಜೊತೆಗೇ ಇವನ್ನೂ ಒಂದೇ ಪೊಟ್ಟಣಕ್ಕೆ ಹಾಕಿದ್ದೇನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದವಳಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ತಲೆನೋವು ಬೇಡ. ಹರಿ, ಬಾಯಿಗೆ ಸುರಿ, ನೀರು ಕುಡಿ, ಹೊರಡು.

ಅಂಗಡಿಯ ಹಿಂದಿನ ಮೇಜಿನಲ್ಲಿ ನನ್ನದು ಈಗ ಇದೇ ಕೆಲಸ. ಹದಿನೇಳು ಮನೆಗಳಿಗೆ ಪೊಟ್ಟಣ ಮಾಡುತ್ತೇನೆ. ಹೆಚ್ಚಿನವರು ಮುದುಕರು, ಮುದುಕಿಯರು. ಕಾಗದ ಕತ್ತರಿಸು, ಮಾತ್ರೆ ಎಣಿಸು, ಅಂಟು ಹಚ್ಚು, ತಾರೀಖು ಬರೆ. ಆದರೆ ತಾರೀಖಿನ ಕೆಳಗೆ ಒಂದು ಸಾಲು ಗೀಚುವುದು ನಿನಗೊಬ್ಬಳಿಗೇ. ಇನ್ಯಾರಿಗಾದರೂ "ಉಗುಳಿದರೆ ಜೋಕೆ" ಎಂದು ಬರೆದು ಕಳಿಸಿದರೆ ಯಜಮಾನರು ನನ್ನನ್ನು ಅಂಗಡಿಯಿಂದಲೇ ಉಗುಳಿಯಾರು.

ಫೋನ್ ಮಾಡಬೇಡ. ಎಡಗಿವಿ ಪೂರ್ತಿ ಕೈಕೊಟ್ಟಿದೆ, ಬಲಗಿವಿ ಮೀನಮೇಷ ಎಣಿಸುತ್ತಿದೆ. ಕಾಗದವಾದರೆ ಎರಡು ಸಲ ಓದಬಹುದು.

ನಿನ್ನ
ಅಣ್ಣ


ಫೆಬ್ರವರಿ 19

ಅಣ್ಣನಿಗೆ,

ಡಬ್ಬಿ ತಲುಪಿತು. ಮೂರೂ ಮಾತ್ರೆ ಒಂದೇ ಗುಟುಕಿಗೆ ಇಳಿಯುತ್ತವೆ. ಸುಣ್ಣದ್ದು ಮಾತ್ರ ಗಂಟಲಲ್ಲಿ ಒಂದು ಕ್ಷಣ ನಿಂತು ಯೋಚನೆ ಮಾಡುತ್ತದೆ.

ಸುಸ್ತು ಇದೆ. ಇಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಮೂರು ಮೆಟ್ಟಿಲು ಹತ್ತಿ ಸೀಟಿನಲ್ಲಿ ಕೂತರೆ ಮಹಡಿ ಹತ್ತಿದಷ್ಟು ಏದುಸಿರು ಬರುತ್ತದೆ. ಮೊನ್ನೆ ಆಸ್ಪತ್ರೆ ಸ್ಟಾಪಿನಲ್ಲಿ ಬಸ್ ನಿಲ್ಲಿಸಿ, ಬಾಗಿಲಿನ ಗುಂಡಿ ಒತ್ತುವುದನ್ನೇ ಮರೆತು ಕೂತುಬಿಟ್ಟಿದ್ದೆ. ನಿದ್ದೆಯಲ್ಲ, ಕಣ್ಣು ತೆರೆದೇ ಇತ್ತು. ಹಿಂದಿನಿಂದ ಒಬ್ಬ ಅಜ್ಜಿ, "ಬಾಗ್ಲು ತೆಗೀತೀಯೇನಮ್ಮ, ಇಲ್ಲಾ ನಾವಿಲ್ಲೇ ಸಂಸಾರ ಹೂಡೋದಾ?" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ.

ಡಿಪೋದಲ್ಲಿ ಹೊಸ ನಿಯಮ ಬಂದಿದೆ. ಮಾರ್ಚ್, ಏಪ್ರಿಲ್, ಮೇ, ಮೂರು ಸಲ ರಕ್ತ ನೋಡುತ್ತಾರೆ. ಮೇ ತಿಂಗಳಿಗೆ ಹತ್ತು ಮುಟ್ಟದಿದ್ದರೆ ಸ್ಟೀರಿಂಗ್ ಇಲ್ಲ, ಟಿಕೆಟ್ ಕಿಟಕಿಗೆ ಹಾಕುತ್ತಾರೆ. ಆ ಗಾಜಿನ ಗೂಡಿನಲ್ಲಿ ಕೂತು ಚಿಲ್ಲರೆ ಕೊಡುವ ಕೆಲಸ ನನ್ನ ಕೈಲಾಗದು. ಇಪ್ಪತ್ತೆರಡು ವರ್ಷ ಇದೇ ರಸ್ತೆಯಲ್ಲಿ ಓಡಿಸಿದ್ದೇನೆ. ಗಂಡ ಬಿಟ್ಟುಹೋದಾಗಲೂ ಮಾರನೇ ದಿನ ಆರರ ಬಸ್ ನಾನೇ ತೆಗೆದದ್ದು. ಅದೊಂದು ಇದ್ದುದಕ್ಕೆ ನಾನೂ ಇದ್ದೇನೆ.

ಮೊಂಡಿ


ಮಾರ್ಚ್ 9

ಅಣ್ಣನಿಗೆ,

ರಿಪೋರ್ಟ್ ಬಂತು. ಒಂಬತ್ತು ಪಾಯಿಂಟ್ ಒಂದು. ಏರಬೇಕಾದದ್ದು ಇಳಿದಿದೆ. ರಕ್ತ ಎಲ್ಲಾದರೂ ಸೋರುತ್ತಿದೆಯೋ ಎಂದು ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದರು. ಎಲ್ಲೂ ಇಲ್ಲವಂತೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಅವರು ತಲೆ ಎತ್ತದೆ ಏನೋ ಬರೆದುಕೊಂಡರು.

ಬರೆಯಲು ಹೆಚ್ಚೇನಿಲ್ಲ. ಮನೆಗೆ ಬಂದವಳೇ ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದೇನೆ.

ಮೊಂಡಿ


ಮಾರ್ಚ್ 16

ಮೊಂಡಿಗೆ,

ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವನು ನಾನು. ಈ ಲೆಕ್ಕ ನನಗೆ ಹೊಸದಲ್ಲ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಹೋದರೆ ರಕ್ತ ಏರಲೇಬೇಕು. ರಕ್ತ ಸೋರುತ್ತಿಲ್ಲ, ಏರುತ್ತಲೂ ಇಲ್ಲ ಎಂದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ. ಮಲಬದ್ಧತೆ ಆಗುತ್ತದೆ, ಬಾಯಲ್ಲಿ ತುಕ್ಕಿನ ರುಚಿ ಬರುತ್ತದೆ ಎಂದು ನೂರಾರು ಜನ ಅದನ್ನು ಕಸಕ್ಕೆ ಹಾಕಿ ನಮ್ಮೆದುರು ತಲೆ ಆಡಿಸುತ್ತಾರೆ.

ನೀನು ಚಿಕ್ಕವಳಿದ್ದಾಗ ಅಮ್ಮ ಕೊಟ್ಟ ಕಹಿ ಔಷಧಿಯನ್ನು ಬಾಯಲ್ಲಿಟ್ಟುಕೊಂಡು, ಹಿತ್ತಿಲಿಗೆ ಹೋಗಿ ಕುಂಡದಲ್ಲಿ ಉಗುಳುತ್ತಿದ್ದೆ. ಆ ಗಿಡ ಸತ್ತ ಮೇಲೆ ತಾನೇ ನಮಗೆ ಗೊತ್ತಾದದ್ದು? ಮೊಂಡಿ ಎಂದು ಹೆಸರು ಬಿದ್ದದ್ದೂ ಆವತ್ತೇ. ಅಂದು ನಗು ಬಂದಿತ್ತು, ಇವತ್ತು ಬರುತ್ತಿಲ್ಲ. ಐವತ್ತು ದಾಟಿದ ಹೆಂಗಸು ನೀನು, ನಿನ್ನ ಬೆನ್ನ ಹಿಂದೆ ನಲವತ್ತು ಜನ ಕೂತಿರುತ್ತಾರೆ. ಕಷ್ಟವಾಗುತ್ತಿದ್ದರೆ ಬಾಯಿಬಿಟ್ಟು ಹೇಳು, ಬೇರೆ ಕಂಪನಿಯದು ಕಳಿಸುತ್ತೇನೆ. ಸುಳ್ಳು ಮಾತ್ರ ಹೇಳಬೇಡ.

ಏಪ್ರಿಲ್ ಡಬ್ಬಿ ಇದರ ಜೊತೆಗಿದೆ.

ಅಣ್ಣ


ಮಾರ್ಚ್ 30

ಅಣ್ಣನಿಗೆ,

ಡಬ್ಬಿ ತಲುಪಿದೆ. ಮಾತ್ರೆ ನುಂಗುತ್ತಿದ್ದೇನೆ.

ಈ ಡಬ್ಬಿಯ ಪೊಟ್ಟಣಗಳ ಮೇಲೆ ಬರೀ ತಾರೀಖು ಇದೆ.

ಮೊಂಡಿ


ಏಪ್ರಿಲ್ 7

ತಂಗಿಗೆ,

ತಾರೀಖು ಬಿಟ್ಟು ಬೇರೇನು ಬರೆಯಬೇಕಿತ್ತು? ತಮಾಷೆ ಮಾಡುವ ಮನಸ್ಸು ನನಗಿಲ್ಲ. ನೀನು ಎರಡು ಸಾಲಿನಲ್ಲಿ ಕಾಗದ ಮುಗಿಸಿದ್ದು ನೋಡಿದರೆ ನನ್ನ ಅನುಮಾನ ಸುಳ್ಳಲ್ಲ ಅನ್ನಿಸುತ್ತದೆ. ನುಂಗಿದವಳಿಗೆ ಕೋಪ ಯಾಕೆ ಬರಬೇಕು?

ನನಗೂ ಅರವತ್ತಮೂರು. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಮರಗಟ್ಟುತ್ತದೆ. ಆದರೂ ಕೂತು ಮಾಡುತ್ತೇನಲ್ಲ, ಯಾರಿಗಾಗಿ? ಒಂದು ಗುಟುಕು ನೀರಿನಲ್ಲಿ ಮುಗಿಯುವ ಕೆಲಸ ನಿನ್ನದು. ಅಷ್ಟೂ ಆಗದಿದ್ದರೆ ಹೇಳಿಬಿಡು, ಇಬ್ಬರಿಗೂ ಶ್ರಮ ಉಳಿಯುತ್ತದೆ.

ಅಣ್ಣ


ಏಪ್ರಿಲ್ 24

ಅಣ್ಣನಿಗೆ,

ಮೂರು ವಿಷಯ ಇವೆ.

ಈ ತಿಂಗಳ ರಕ್ತ ಎಂಟು ಪಾಯಿಂಟ್ ಏಳು. ಸೋಮವಾರದಿಂದ ಟಿಕೆಟ್ ಕಿಟಕಿಯಲ್ಲಿದ್ದೇನೆ. ಜುಲೈ ಮಧ್ಯದೊಳಗೆ ಹತ್ತು ಮುಟ್ಟಿದರೆ ಸ್ಟೀರಿಂಗ್ ವಾಪಸ್, ಇಲ್ಲದಿದ್ದರೆ ಕಿಟಕಿಯೇ ಕಾಯಂ.

ಡಾಕ್ಟರು ಔಷಧಿಯ ಕ್ರಮ ಬದಲಾಯಿಸಿದ್ದಾರೆ. ಇನ್ನು ಮುಂದೆ ಪೊಟ್ಟಣ ಕಳಿಸುವುದು ಬೇಡ.

ಇದರ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ಬರುತ್ತದೆ. ಅದರಲ್ಲಿರುವುದು ನೀನು ಕಳಿಸಿದ ಪೊಟ್ಟಣಗಳು, ಖಾಲಿ. ಎಣಿಸಿ ನೋಡಿಕೋ. ಈ ಮನೆಯಲ್ಲಿ ಕುಂಡಗಳಿಲ್ಲ.

ಮೊಂಡಿ


ಮೇ 13

ಮೊಂಡಿಗೆ,

ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಮೂರು ಕಾಗದ ಬರೆದು ಹರಿದೆ.

ನಿನ್ನ ಡಬ್ಬಿ ಬಂದ ದಿನ ಅದನ್ನು ತೆರೆಯಲಿಲ್ಲ. ಪೊಟ್ಟಣ ಬೇಡ ಎಂದು ಬರೆದಿದ್ದೆಯಲ್ಲ, ಆ ಸಿಟ್ಟು ತಲೆಗೇರಿತ್ತು. ಇವಳಿಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದುಕೊಂಡು ಮೇಜಿನ ಕೆಳಗೆ ತಳ್ಳಿದೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ತೆರೆದೆ. ಎಣಿಸಲು ಕೂತೆ. ನಿನ್ನ ಸುಳ್ಳು ಹಿಡಿಯಬೇಕು ಎಂದೇ ಕೂತೆ, ಮುಚ್ಚಿಡುವುದೇನು.

ಫೆಬ್ರವರಿಯಿಂದ ಒಂದು ದಿನವೂ ತಪ್ಪಿಲ್ಲ. ಪ್ರತಿಯೊಂದರ ತಳದಲ್ಲೂ ಮಾತ್ರೆಯ ಪುಡಿ ಅಂಟಿದೆ. ಒಂದನ್ನು ಬಿಡಿಸಿ ದೀಪಕ್ಕೆ ಹಿಡಿದೆ. ಕಬ್ಬಿಣದ ಕಂದು ಪುಡಿ, ಸುಣ್ಣದ ಬಿಳಿ ಪುಡಿ, ಎರಡೂ ಒಂದೇ ಮೂಲೆಯಲ್ಲಿ ಕಲೆತಿದ್ದವು. ಅದನ್ನು ನೋಡುತ್ತಿದ್ದ ಹಾಗೇ ತಪ್ಪು ಎಲ್ಲಿ ಎಂದು ಹೊಳೆಯಿತು.

ಕೇಳು. ಕಬ್ಬಿಣದ ಮಾತ್ರೆ ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯಲ್ಲಿ ಹುಳಿ ಬೇಕು, ಆ ಹುಳಿಯಲ್ಲೇ ಅದು ಹದವಾಗುವುದು. ನಿನ್ನ ಬಿಳಿ ಮಾತ್ರೆಯ ಕೆಲಸವೇ ಆ ಹುಳಿಯನ್ನು ತಗ್ಗಿಸುವುದು. ಒಂದು ಗಂಟೆಯಲ್ಲ, ಇಡೀ ದಿನ ತಗ್ಗಿಸುತ್ತದೆ. ಸಾಲದ್ದಕ್ಕೆ ಅದೇ ಗುಟುಕಿನಲ್ಲಿ ಸುಣ್ಣ. ಅದು ಕಬ್ಬಿಣವನ್ನು ಒಳಗೆ ಬಿಡದೆ ಅಡ್ಡ ನಿಲ್ಲುತ್ತದೆ. ನಾನು ಕೊಟ್ಟ ಆ ಜಾತಿಯ ಸುಣ್ಣಕ್ಕೂ ಕರಗಲು ಹುಳಿಯೇ ಬೇಕು. ನೀನು ಪ್ರತಿ ದಿನ ನಂಬಿ ನುಂಗಿದೆ. ಅದರಲ್ಲಿ ಹೆಚ್ಚಿನದೆಲ್ಲ ಬಂದ ಹಾಗೇ ಹೊರಗೆ ಹೋಯಿತು.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾರಾದರೂ ಚೀಟಿ ಹಿಡಿದು ಬಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಆದರೆ ಪೊಟ್ಟಣ ಮಾಡುವಾಗ ನಾನು ಔಷಧಿ ನೋಡುವುದಿಲ್ಲ, ಹೊತ್ತು ನೋಡುತ್ತೇನೆ. ಬೆಳಗಿನದೆಲ್ಲ ಒಂದು ಕಡೆ, ಸಂಜೆಯದೆಲ್ಲ ಒಂದು ಕಡೆ. ನಿನಗೆ ತೊಂದರೆ ಆಗಬಾರದು ಎಂಬ ಒಂದೇ ಯೋಚನೆಯಲ್ಲಿ ಮೂರನ್ನೂ ಒಂದೇ ಕಡೆ ಅಂಟಿಸಿದೆ.

ಇನ್ನೊಂದು ಇದೆ. ಆರು ವರ್ಷದ ಹಿಂದಿನ ನಿನ್ನ ಚೀಟಿ ಹುಡುಕಿ ತೆಗೆದೆ. ಬಿಳಿ ಮಾತ್ರೆ ಎಂಟು ವಾರ ಎಂದು ಬರೆದಿದೆ. ಎಂಟು ವಾರ, ಮೊಂಡಿ. "ಅಣ್ಣ, ಹೊಟ್ಟೆ ತಣ್ಣಗಿದೆ, ಚೆನ್ನಾಗಿದೆ" ಎಂದು ನೀನು ಬರೆದೆ, ನಾನು ಕಳಿಸುತ್ತಲೇ ಹೋದೆ. ಪ್ರತಿ ಪೊಟ್ಟಣದ ಮೇಲೂ ತಾರೀಖು ಬರೆದವನು ನಿಲ್ಲಿಸುವ ತಾರೀಖನ್ನು ಒಮ್ಮೆಯೂ ಬರೆಯಲಿಲ್ಲ. ಆಮೇಲೆ ನಿನ್ನನ್ನೇ ಸುಳ್ಳಿ ಎಂದೆ.

ಬಿಳಿ ಮಾತ್ರೆಯನ್ನು ನೀನಾಗಿ ಒಮ್ಮೆಲೇ ನಿಲ್ಲಿಸಬೇಡ, ಉರಿ ಇಮ್ಮಡಿಯಾಗಿ ತಿರುಗಿ ಬರಬಹುದು. ಈ ಕಾಗದವನ್ನು ನಿಮ್ಮ ಡಾಕ್ಟರಿಗೆ ತೋರಿಸು, ಹೇಗೆ ತಗ್ಗಿಸಬೇಕೆಂದು ಅವರು ಹೇಳಲಿ. ತಪ್ಪು ನನ್ನದು ಎಂದೂ ಹೇಳು. ನಿನ್ನ ಸ್ಟೀರಿಂಗ್ ಕಿತ್ತುಕೊಂಡವನು ನಾನು. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಒಂದು ಮಾತು ಕೇಳುವುದಿದೆ. ಡಬ್ಬಿಯ ಅಡಿಯಲ್ಲಿ ಹಳೆಯವೂ ಇವೆ, ಆರು ವರ್ಷ ಹಿಂದಿನವೂ ಇವೆ. ನಾನು ಅನುಮಾನಪಟ್ಟದ್ದು ಮಾರ್ಚಿನಲ್ಲಿ. ಅದಕ್ಕಿಂತ ಮುಂಚಿನಿಂದ ನೀನು ಸಾಕ್ಷಿ ಕೂಡಿಡುತ್ತಿದ್ದುದು ಯಾಕೆ? ನಾನು ಅಂಥವನು ಎಂದು ಮೊದಲೇ ಅನ್ನಿಸಿತ್ತೇ?

ಅಣ್ಣ


ಮೇ 31

ಅಣ್ಣನಿಗೆ,

ನಿನ್ನ ಕಾಗದವನ್ನು ಕಿಟಕಿಯ ಒಳಗೆ ಕೂತು ಓದಿದೆ. ಹೊರಗೆ ಒಬ್ಬರು ಟಿಕೆಟ್ಟಿಗಾಗಿ ಗಾಜು ಬಡಿಯುತ್ತಿದ್ದರು.

ನೀನು ಎಲ್ಲ ಹೇಳಿದ ಮೇಲೆ ನಾನೂ ಮುಚ್ಚಿಡಬಾರದು. ನೀನು ಬರೆದದ್ದೆಲ್ಲ ನನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು.

ಆ ತಿಂಗಳ ರಕ್ತ ಕೊಡಲು ಹೋದಾಗ ಡಿಪೋ ನರ್ಸು, "ಏನೇನ್ ತಗೋತೀರಿ, ತೋರ್ಸಿ" ಅಂದಳು. ಜೇಬಿನಲ್ಲಿ ಮಾರನೇ ದಿನದ ಪೊಟ್ಟಣ ಇತ್ತು, ಕೊಟ್ಟೆ. ಮೇಜಿನ ಮೇಲೆ ಸುರಿದು ಮೂರನ್ನೂ ಬೆರಳಲ್ಲಿ ಬೇರೆ ಬೇರೆ ಮಾಡಿದಳು. ನೀನು ಬರೆದದ್ದನ್ನೇ ಅವಳೂ ಹೇಳಿದಳು, ಚಿಕ್ಕದಾಗಿ. ಆಮೇಲೆ, "ಇವನ್ನ ಒಟ್ಟಿಗೆ ಹಾಕಿದ್ದು ಯಾರು? ಇದೇ ಕೆಲ್ಸ ಅಂತ ಕೂತಿರೋರು ಯಾರೋ ಮಾಡಿದ ಹಾಗಿದೆ, ಅಂಟು ಎಷ್ಟು ನೀಟಾಗಿದೆ" ಅಂದಳು.

ನಾನೇ ಎಂದೆ.

ಅದಕ್ಕೇ ಪೊಟ್ಟಣ ಬೇಡ ಎಂದು ಬರೆದದ್ದು. ಕೋಪ ಇರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು, ಆ ಕೋಪದಲ್ಲೇ ಡಬ್ಬಿ ಕಳಿಸಿದೆ. ಆದರೆ ಕಾರಣ ಬರೆಯಲು ಕೈ ಬರಲಿಲ್ಲ. ಕಿವಿ ಹೋಯಿತು, ಅತ್ತಿಗೆ ಹೋದರು. ಆ ಮೇಜೂ ಹೋದರೆ ನಿನ್ನ ಹತ್ತಿರ ಏನು ಉಳಿಯುತ್ತದೆ? ನಾನು ಸುಳ್ಳಿ ಎಂದೇ ನೀನು ಅಂದುಕೊಂಡಿದ್ದರೂ ಆಗಲಿ ಎನ್ನಿಸಿತು. ಅಷ್ಟು ದೊಡ್ಡ ಮನಸ್ಸು ಹೆಚ್ಚು ದಿನ ಇರುತ್ತಿರಲಿಲ್ಲ, ಆ ಮಾತು ಬೇರೆ.

ಇನ್ನೊಂದು. ಸ್ಟೀರಿಂಗನ್ನು ನೀನೂ ಕಿತ್ತುಕೊಂಡಿಲ್ಲ, ಡಾಕ್ಟರೂ ಕಿತ್ತುಕೊಂಡಿಲ್ಲ. ಏಪ್ರಿಲ್ ಹದಿನೆಂಟಕ್ಕೆ ಶಾಲೆಯ ಹತ್ತಿರದ ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡಿದೆ. ನೋಡಿದೆ, ಕಾಲು ಮಾತ್ರ ಬ್ರೇಕಿಗೆ ಹೋಗಲಿಲ್ಲ. ಬಸ್ ದಾಟಿಹೋಯಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಶಾಲೆ ಬಿಡಲು ಹತ್ತು ನಿಮಿಷ ಇತ್ತು. ಬಸ್ಸಿನಲ್ಲಿದ್ದವರು ಗಮನಿಸಲೇ ಇಲ್ಲ. ಟ್ರಿಪ್ ಮುಗಿಸಿ, ಡಿಪೋ ಮ್ಯಾನೇಜರ್ ಮೇಜಿನ ಮೇಲೆ ಕೀ ಇಟ್ಟು, ನಡೆದದ್ದು ಹೇಳಿದೆ. "ನೀವು ಹೇಳದೇ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲ" ಅಂದರು. ನನಗೆ ಗೊತ್ತಾಗಿತ್ತು.

ಇದನ್ನು ಓದಿ ನೀನು ತಲೆಯ ಮೇಲೆ ಕೈ ಹೊತ್ತು ಕೂರುತ್ತೀಯ, ಬಲ್ಲೆ. ಕೂರಬೇಡ. ಯಾರಿಗೂ ಏನೂ ಆಗಲಿಲ್ಲ.

ಬಿಳಿ ಮಾತ್ರೆಯನ್ನು ಡಾಕ್ಟರು ಹಂತ ಹಂತವಾಗಿ ತಗ್ಗಿಸಿ ಈಗ ನಿಲ್ಲಿಸಿದ್ದಾರೆ. ಮೊದಲ ಹತ್ತು ದಿನ ಎದೆಯಲ್ಲಿ ಒಲೆ ಹೊತ್ತಿದ ಹಾಗಿತ್ತು, ಎರಡು ದಿಂಬು ಏರಿಸಿ ಮಲಗಿದೆ. ಈಗ ಪರವಾಗಿಲ್ಲ. ಕಬ್ಬಿಣ ಬೆಳಿಗ್ಗೆ ಹತ್ತಕ್ಕೆ ಒಂಟಿಯಾಗಿ, ಸುಣ್ಣ ಸಂಜೆಯ ಊಟದ ಜೊತೆ. ಯಾವುದು ಯಾವಾಗ ಎಂದು ದಿನಾ ಗೊಂದಲವಾಗುತ್ತದೆ.

ಮೊಂಡಿ


ಜೂನ್ 20

ಮೊಂಡಿಗೆ,

ನೀನು ಬೇಡ ಎಂದರೂ ಕೂತೆ, ತಲೆಯ ಮೇಲೆ ಕೈ ಹೊತ್ತೇ ಕೂತೆ. ಆ ಹತ್ತು ನಿಮಿಷ ನನ್ನನ್ನು ಬಿಡುತ್ತಿಲ್ಲ.

ಎದ್ದ ಮೇಲೆ ಮಾಡಿದ್ದು ಒಂದೇ ಕೆಲಸ. ಹದಿನೇಳು ಮನೆಗಳ ಚೀಟಿಗಳನ್ನೂ ಹರಡಿಕೊಂಡು ನೋಡಿದೆ. ನಿನ್ನ ಹಾಗೇ ಇನ್ನೂ ನಾಲ್ವರು ಇದ್ದರು. ನಿವೃತ್ತ ಟೀಚರ್ ಒಬ್ಬರು, ದರ್ಜಿ ಮುದುಕ, ಅಕ್ಕತಂಗಿಯರಿಬ್ಬರು. ಯಜಮಾನರಿಗೆ ಹೇಳಿದೆ. ಅವರ ಡಾಕ್ಟರುಗಳಿಗೆ ತಿಳಿಸಿದೆವು. ಆಮೇಲೆ ನಾನೇ ಒಂದೊಂದು ಮನೆಗೂ ನಡೆದುಹೋಗಿ, ಹೀಗೆ ತಪ್ಪಾಗಿದೆ ಎಂದೆ. ಟೀಚರ್ ಬೈದರು, ನನ್ನ ಕಿವಿಗೂ ಕೇಳುವಷ್ಟು ಗಟ್ಟಿಯಾಗಿ ಬೈದರು. ದರ್ಜಿ ಮಾತ್ರ, "ನಡ್ಕೊಂಡು ಬಂದ್ರಲ್ಲ, ಕೂತ್ಕೊಳಿ" ಎಂದು ನೀರು ಕೊಟ್ಟ. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಪೊಟ್ಟಣದ ಮೇಜು ಬಿಟ್ಟುಕೊಟ್ಟೆ. ಯಜಮಾನರ ಸೊಸೆ ಫಾರ್ಮಸಿ ಓದಿದವಳು. ಪ್ರತಿ ಚೀಟಿಯನ್ನೂ ಒಂದಕ್ಕೊಂದು ಹೋಲಿಸಿ ನೋಡಿಯೇ ಕತ್ತರಿ ಹಿಡಿಯುತ್ತಾಳೆ. ನಾನು ಮುಂದಿನ ಕೌಂಟರಿನಲ್ಲಿ ಕೆಮ್ಮಿನ ಸಿರಪ್ಪು, ಬ್ಯಾಂಡೇಜು ಕೊಡುತ್ತೇನೆ. ಜನ ಕೇಳಿದ್ದು ಕೇಳಿಸದಿದ್ದರೆ ಚೀಟಿ ಬರೆಸಿಕೊಳ್ಳುತ್ತೇನೆ. ದಣಿವಾಗಿದೆ, ಮೊಂಡಿ. ಕೈಗೆ ಕೆಲಸವಿಲ್ಲದೆಯೂ ಇಷ್ಟು ದಣಿವಾಗುತ್ತದೆ ಎಂದು ಗೊತ್ತಿರಲಿಲ್ಲ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಹಳೆಯ ಪೊಟ್ಟಣಗಳ ವಿಷಯ. ಕೊಡದಿದ್ದರೂ ನಡೆದೀತು.

ಅಣ್ಣ


ಜುಲೈ 15

ಅಣ್ಣನಿಗೆ,

ಹತ್ತು ಪಾಯಿಂಟ್ ನಾಲ್ಕು.

ಎರಡು ಸಲ ನೋಡಿದರು, ಹತ್ತು ಪಾಯಿಂಟ್ ನಾಲ್ಕೇ. ಸೋಮವಾರ ಬೆಳಿಗ್ಗೆ ಆರರ ಬಸ್ ನನ್ನದು. ಮ್ಯಾನೇಜರ್ ಕೀ ಕೊಟ್ಟರು. ಡಿಪೋದ ಹಿಂದೆ ಬಸ್ ತೊಳೆಯುವ ಜಾಗದಲ್ಲಿ ಒಬ್ಬಳೇ ನಿಂತು ಸ್ವಲ್ಪ ಹೊತ್ತು ಅತ್ತೆ. ಮೊದಲ ವಾರ ಶಾಲೆಯ ಸಿಗ್ನಲ್ಲಿನಲ್ಲಿ ಹಸಿರಿದ್ದರೂ ನಿಧಾನ ಮಾಡುತ್ತೇನೆ, ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ಹಳೆಯ ಪೊಟ್ಟಣಗಳ ವಿಷಯ ಕೇಳಿದ್ದೆ. ಹೋದ ಸಲ ಬರೆಯಲು ಸಂಕೋಚವಾಯಿತು. ಅವು ಸಾಕ್ಷಿಯಲ್ಲ, ಅಣ್ಣ. ಬೆಳಗಿನ ಜಾವ ನಾಲ್ಕಕ್ಕೆ ಈ ಎರಡು ಕೋಣೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರಿದ್ದಾರೆ? ದೀಪ ಹಾಕಿದರೆ ನಿನ್ನ ಅಕ್ಷರ. "ಉಗುಳಿದರೆ ಜೋಕೆ." "ಇವತ್ತು ಭಾನುವಾರ, ರಜೆ ನಿನಗೆ, ಮಾತ್ರೆಗಲ್ಲ." "ಚಳಿಯಿದೆ, ಸ್ವೆಟರ್ ಹಾಕು." ಅತ್ತಿಗೆ ತೀರಿಕೊಂಡ ವಾರದ್ದು ಒಂದಿದೆ, "ನಾನು ಊಟ ಮಾಡಿದೆ, ನೀನೂ ಮಾಡು" ಎಂದಷ್ಟೇ. ಅವನ್ನೆಲ್ಲ ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಅಷ್ಟೇ ವಿಷಯ. ಸಿಟ್ಟಿನಲ್ಲಿ ಎಲ್ಲವನ್ನೂ ನಿನಗೆ ಕಳಿಸಿಬಿಟ್ಟೆ. ಆಮೇಲೆ ಮನೆ ಖಾಲಿ ಅನ್ನಿಸಿತು. ಡಬ್ಬಿ ವಾಪಸ್ ಕಳಿಸು.

ಡಾಕ್ಟರು ಕೊಟ್ಟ ಹೊಸ ಚೀಟಿ ಇದರಲ್ಲಿ ಇಟ್ಟಿದ್ದೇನೆ. ಕಬ್ಬಿಣ ಇನ್ನೂ ಮೂರು ತಿಂಗಳು, ನಿಲ್ಲಿಸುವ ತಾರೀಖನ್ನು ಅವರೇ ಬರೆದಿದ್ದಾರೆ. ನಿಮ್ಮ ಯಜಮಾನರ ಸೊಸೆಗೆ ತೋರಿಸು, ಅವಳು ನೋಡಿ ಸರಿ ಎನ್ನಲಿ. ಆಮೇಲೆ ಕತ್ತರಿ, ಅಂಟು ಒಂದು ಗಂಟೆಯ ಮಟ್ಟಿಗೆ ಇಸಿದುಕೊಂಡು ಪೊಟ್ಟಣ ನೀನೇ ಮಾಡು. ಕಬ್ಬಿಣದ್ದು ಬೇರೆ, ಸುಣ್ಣದ್ದು ಬೇರೆ. ಇಲ್ಲಿ ನನ್ನ ಕೈಯಲ್ಲಿ ದಿನಾ ಅದಲುಬದಲಾಗುತ್ತಿದೆ.

ಬರೀ ತಾರೀಖು ಬರೆದು ಕಳಿಸಬೇಡ.

ನಿನ್ನ
ಮೊಂಡಿ